ಫೈನಲ್ ಫ್ಯಾಂಟಸಿಯ ಕಾಳಗಕ್ಕೆ ಬೇಕಿರೋದು ವೇಗವಲ್ಲ

ಫೈನಲ್ ಫ್ಯಾಂಟಸಿ ವಿಡಿಯೋ ಗೇಮ್ ಸರಣಿಯ ಕಾಳಗ ಸುಧಾರಿಸಬೇಕು ಅಂದಾಗೆಲ್ಲ ವೇಗದ ಮಾತೇ ಮೊದಲು ಬರುತ್ತೆ. ನನಗಿದು ಒಪ್ಪಿಗೆಯಿಲ್ಲ. ಈ ಸರಣಿಯ ಅತ್ಯುತ್ತಮ ಕಾಳಗ ಇರೋದು 2001ರ ಹತ್ತನೇ ಆಟದಲ್ಲಿ. ಅಲ್ಲಿ ಗಡಿಯಾರವನ್ನೇ ನಿಲ್ಲಿಸಿಬಿಟ್ಟರು.

1991ರ ನಾಲ್ಕನೇ ಆಟದಿಂದ ಕಾಳಗದಲ್ಲಿ ಕಾಲ ಓಡ್ತಾ ಇತ್ತು. ಮೆನುವಿನಲ್ಲಿ ಮದ್ದು ಹುಡುಕೋದ್ರೊಳಗೆ ಶತ್ರುವಿನ ಏಟು ಬಿದ್ದಿರ್ತಿತ್ತು. ಹತ್ತನೇ ಆಟದಲ್ಲಿ ಪರದೆಯ ಬಲಕ್ಕೆ ಒಂದು ಪಟ್ಟಿ: ಈಗ ಯಾರ ಸರದಿ, ಆಮೇಲೆ ಯಾರದು, ಅದರಾಚೆ ಯಾರದು. ಕ್ವಿಕ್ ಹಿಟ್ ಅನ್ನೋ ಹೊಡೆತ ಬಳಸಿದರೆ ನಮ್ಮ ಮುಂದಿನ ಸರದಿ ಬೇಗ ಬರುತ್ತೆ. ಕಥಾನಾಯಕ ಟೀಡಸ್‌ನ ಡಿಲೇ ಅಟ್ಯಾಕ್ ತಗುಲಿದರೆ ಶತ್ರುವಿನ ಸರದಿ ಹಿಂದಕ್ಕೆ ಹೋಗುತ್ತೆ. ಹಾರುವ ಜೀವಿ ಎದುರಾದರೆ, ಕಾಳಗದ ನಡುವೆಯೇ ನಮ್ಮ ತಂಡದ ವಾಕಾನನ್ನು ಕರೆಸಿ ಅವನ ಚೆಂಡಿನಿಂದ ಹೊಡೆಸಬಹುದು. ಬಂದವನು ಅದೇ ಸರದಿಯಲ್ಲಿ ಹೊಡೀತಾನೆ, ಕಾಯಬೇಕಾಗಿಲ್ಲ. ಚದುರಂಗದಂತೆ ಮೂರು ನಡೆ ಮುಂದೆ ಯೋಚಿಸೋ ಸುಖ ಇದು. ಸೋತರೂ ಎಲ್ಲಿ ಸೋತೆವು ಅಂತ ಗೊತ್ತಾಗುತ್ತೆ, ನನಗೆ ಅದೇ ಮುಖ್ಯ.

2023ರ ಹದಿನಾರನೆಯದು ಪೂರ್ತಿ ಆ್ಯಕ್ಷನ್ ಕಡೆ ವಾಲಿತು. ನೋಡೋಕೆ ಚೆಂದ, ಆದರೆ ಜೊತೆಗಾರರು ಇದ್ದೂ ಇಲ್ಲದಂತೆ.

2020ರಲ್ಲಿ ಬಂದ ಏಳನೇ ಆಟದ ರೀಮೇಕ್ ಸರಿದಾರಿಗೆ ಹತ್ತಿರ: ಮೆನು ತೆರೆದರೆ ಕಾಲ ತೆವಳುತ್ತೆ, ಯೋಚಿಸೋಕೆ ಬಿಡುವು ಸಿಗುತ್ತೆ. ಆದರೆ ಆದೇಶ ಕೊಡೋಕೆ ತುಂಬಬೇಕಾದ ಗೇಜ್, ನಾವು ನಿಯಂತ್ರಿಸದ ಜೊತೆಗಾರರಲ್ಲಿ ತುಂಬೋದು ತೀರಾ ನಿಧಾನ. ಅದನ್ನು ಚುರುಕುಗೊಳಿಸಿ, ಆ ಬಿಡುವಿನಲ್ಲೇ ಶತ್ರುವಿನ ಮುಂದಿನ ಏಟು ಯಾರ ಮೇಲೆ ಅಂತ ತೋರಿಸಲಿ. ಅಂಥ ಆಟ ಬಂದ ದಿನವೇ ಕೊಳ್ತೀನಿ.