ಬೊರ್ಗುಂಡ್‌ನ ಮರದ ಚರ್ಚಿನಲ್ಲಿ

ನಾವು ನಾರ್ವೆಯ ಲೆರ್ಡಾಲ್ ಕಣಿವೆ ತಲುಪಿದ ದಿನ ಜಡಿಮಳೆ. ಬೆಟ್ಟಗಳ ನೆತ್ತಿ ಮೋಡದಲ್ಲಿ ಮುಳುಗಿತ್ತು. ಹಸಿರಿನ ನಡುವೆ ಬೊರ್ಗುಂಡ್ ಚರ್ಚು ಕಪ್ಪಗೆ, ಮಾಡಿನ ಮೇಲೆ ಮಾಡು ಹೊತ್ತು ನಿಂತಿತ್ತು. ಮೇಲಿನ ಮಾಡಿನ ತುದಿಗಳಲ್ಲಿ ಬಾಯ್ತೆರೆದ ಡ್ರ್ಯಾಗನ್ ತಲೆಗಳು, ಕೆಳಗಿನವುಗಳಲ್ಲಿ ಶಿಲುಬೆಗಳು. ಮರದ ಹಲಗೆಬಿಲ್ಲೆಗಳ ಮೇಲಿಂದ ನೀರು ಜಾರಿ ಹೋಗುತ್ತಿತ್ತು.

ಒಳಗೆ ಹೋಗುತ್ತಲೇ ಮಾರ್ಗದರ್ಶಕಿ ಬಾಗಿಲು ಮುಚ್ಚಿದರು. "ಕಣ್ಣು ಹೊಂದಿಕೊಳ್ಳಲಿ, ಸ್ವಲ್ಪ ನಿಲ್ಲಿ" ಎಂದರು. ಮೊದಲು ಮೂಗಿಗೆ ಬಡಿದದ್ದು ಪೈನ್ ಟಾರಿನ ವಾಸನೆ. ಎಣ್ಣೆ ಬಳಿದು ದಡಕ್ಕೆಳೆದ ಹಳೆಯ ದೋಣಿಯೊಳಗೆ ನಿಂತ ಹಾಗಿತ್ತು. ಆಮೇಲೆ ಎತ್ತರದ ಪುಟ್ಟ ದುಂಡು ಕಿಂಡಿಗಳಿಂದ ಬೆಳಕು ಇಳಿಯುವುದು ಕಂಡಿತು. ಆ ಬೆಳಕಿನಲ್ಲಿ ಒಂದೊಂದಾಗಿ ಕಂಬಗಳು, ಅವುಗಳ ನಡುವಿನ ಅಡ್ಡಶಿಲುಬೆಯಾಕಾರದ ಬಿಗಿಪಟ್ಟಿಗಳು, ಕಂಬದ ನೆತ್ತಿಯಲ್ಲಿ ಕೆತ್ತಿದ ಮುಖಗಳು ಕಾಣತೊಡಗಿದವು. ಮಧ್ಯಯುಗದ ಭಕ್ತರು ಇಲ್ಲಿ ನಿಂತೇ ಪೂಜೆ ಕೇಳುತ್ತಿದ್ದರಂತೆ. ಕೂರಲು ಇದ್ದದ್ದು ಗೋಡೆಗುಂಟ ಸಾಗಿದ ಬೆಂಚು ಮಾತ್ರ. ಉಪದೇಶ ಪೀಠ 16ನೇ ಶತಮಾನದ್ದು. ಬಲಿಪೀಠದ ಚಿತ್ರಫಲಕ 1654ರದು. ನಡುವೆ ಶಿಲುಬೆಯ ಯೇಸು, ಪಕ್ಕದಲ್ಲಿ ಮರಿಯಾ ಮತ್ತು ಯೋಹಾನ.

"ಇದಕ್ಕೆ ಬಳಸಿದ ಮರ ಕಡಿದದ್ದು 1180ರ ಹೊತ್ತಿಗೆ" ಎಂದಾಗ ನಾನು ಬೆರಗಾದೆ. ಮಳೆ, ಹಿಮದ ನಾಡಿನಲ್ಲಿ ಮರ ಇಷ್ಟು ಕಾಲ ಹೇಗೆ ಉಳಿಯಿತು? ಅವರು ಬಗ್ಗಿ ಕಂಬದ ಬುಡ ತೋರಿಸಿದರು. ಅದಕ್ಕೂ ಹಿಂದಿನ ಚರ್ಚುಗಳಲ್ಲಿ ಕಂಬವನ್ನು ನೆಲದೊಳಗೆ ಹೂಳುತ್ತಿದ್ದರು. ತೇವಕ್ಕೆ ಬುಡ ಕೊಳೆಯುತ್ತಿತ್ತು. ಇಲ್ಲಿ ಕಲ್ಲಿನ ಮೇಲೆ ಅಡಿತೊಲೆ, ತೊಲೆಯ ಮೇಲೆ ಕಂಬ. ಮಣ್ಣಿಗೂ ಮರಕ್ಕೂ ಸಂಪರ್ಕವೇ ಇಲ್ಲ. ಹೊರಮೈಗೆ ಕಾಲಕಾಲಕ್ಕೆ ಟಾರ್ ಬಳಿಯುತ್ತ ಬಂದರು.

ನಾರ್ವೆಯಲ್ಲಿ ಇಂಥ ಚರ್ಚುಗಳು ಸಾವಿರಕ್ಕೂ ಹೆಚ್ಚು ಇದ್ದವೆಂದು ಅಂದಾಜು. ಕಾಯಿಲೆಯಿಂದ ಊರುಗಳೇ ಬರಿದಾಗಿ, ನಿರ್ಲಕ್ಷ್ಯಕ್ಕೆ ಸಿಕ್ಕಿ ಎಷ್ಟೋ ಹೋದವು. 1851ರ ಕಾನೂನು, ಊರಿನ ಹತ್ತರಲ್ಲಿ ಮೂರು ಪಾಲು ಜನರಿಗಾದರೂ ಚರ್ಚಿನಲ್ಲಿ ಜಾಗವಿರಬೇಕೆಂದಿತು. ಚಿಕ್ಕವೆಂದು ಇನ್ನಷ್ಟನ್ನು ಕೆಡವಿದರು. ಬೊರ್ಗುಂಡ್‌ನಲ್ಲೂ 1868ರಲ್ಲಿ ಪಕ್ಕದಲ್ಲೇ ಹೊಸ ಚರ್ಚು ಎದ್ದಿತು. ಆದರೆ 1877ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಸಂಘ ಹಳೆಯದನ್ನು ತನ್ನ ವಶಕ್ಕೆ ಪಡೆದು ಉಳಿಸಿತು. ಈಗ ದೇಶದಲ್ಲಿ ಉಳಿದಿರುವುದು 28.

ಅಲ್ಲಿಗೆ ಹೋಗುವವರಿಗೆ ನನ್ನದೊಂದು ಮಾತು: ಡ್ರ್ಯಾಗನ್‌ಗಳನ್ನು ಕಣ್ತುಂಬ ನೋಡಿ, ಆದರೆ ಕಂಬದ ಬುಡವನ್ನೂ ಬಗ್ಗಿ ನೋಡಿ. ಎಂಟು ಶತಮಾನದ ಆಯಸ್ಸು ಈ ಚರ್ಚಿಗೆ ಬಂದದ್ದು ಅಲ್ಲಿಂದಲೇ.