ನೀರನ್ನು ತೊಳೆಯುವ ಕಲ್ಲು

ನೀರು ಎಲ್ಲವನ್ನೂ ತೊಳೆಯುತ್ತದೆ. ಆ ನೀರನ್ನೇ ತೊಳೆಯುವವರು ಯಾರು? ಕಡಲಿನ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಹೊರಟವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯಿದು. ಮೀನಿನ ಕಿವಿರುಗಳಿಂದ, ತಿನ್ನದೆ ಉಳಿದು ಕೊಳೆತ ಆಹಾರದಿಂದ ಅಮೋನಿಯಾ ಎಂಬ ವಿಷವು ನೀರಿಗೆ ಸೇರುತ್ತಲೇ ಇರುತ್ತದೆ. ನೀರು ನೋಡಲು ಸ್ಫಟಿಕದಂತೆ ತಿಳಿಯಾಗಿರುತ್ತದೆ. ಮೀನು ಮಾತ್ರ ಏದುಸಿರು ಬಿಡುತ್ತಾ ಸಾಯುತ್ತದೆ. ಕಣ್ಣಿಗೆ ಕಾಣುವ ಶುಚಿತ್ವ ಬೇರೆ, ನಿಜವಾದ ಶುದ್ಧಿ ಬೇರೆ.

ಹವಳದಿಬ್ಬಗಳಿರುವ ಕಡಲಿನಲ್ಲಿ ಈ ಶುದ್ಧಿಯ ಕೆಲಸದ ದೊಡ್ಡ ಪಾಲು ಹಳೆಯ ಕಲ್ಲುಗಳದ್ದು. ಸತ್ತ ಹವಳದ ಸುಣ್ಣದ ಅಸ್ಥಿಪಂಜರವೇ ಆ ಕಲ್ಲು. ಮೀನು ಸಾಕುವವರು ಅದನ್ನು ಲೈವ್ ರಾಕ್, ಅಂದರೆ ಜೀವಂತ ಶಿಲೆ ಎನ್ನುತ್ತಾರೆ. ಜೀವವಿರುವುದು ಕಲ್ಲಿಗಲ್ಲ, ಅದರ ಅಸಂಖ್ಯ ರಂಧ್ರಗಳಲ್ಲಿ ನೆಲೆಸಿರುವ ಸೂಕ್ಷ್ಮಾಣುಗಳಿಗೆ. ಆಮ್ಲಜನಕ ಹೇರಳವಾಗಿರುವ ಹೊರಮೈಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಬಗೆ ಅದನ್ನು ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಸುತ್ತದೆ. ಆಮ್ಲಜನಕ ತಲುಪದ ಒಳಪದರದಲ್ಲಿ ಮತ್ತೊಂದು ಸಮೂಹವು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಮರಳಿಸುತ್ತದೆ. ಒಬ್ಬರ ಕಸ ಇನ್ನೊಬ್ಬರ ಅನ್ನ. ಆ ಕಲ್ಲಿನೊಳಗೆ ವ್ಯರ್ಥವಾದುದು ಬಹಳ ಕಡಿಮೆ.

ಇಂಡೋನೇಷ್ಯಾದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬವರು ಇಂತಹ ಶಿಲೆ, ಸಮುದ್ರದ ನೀರು ಮತ್ತು ಗಾಳಿಯ ಗುಳ್ಳೆಗಳಿಂದಲೇ ತೊಟ್ಟಿಯನ್ನು ನಡೆಸುವ ತಮ್ಮ ವಿಧಾನವನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಮುಂದೆ ಜರ್ಮನಿಯ ಹವ್ಯಾಸಿಗಳು ಶಿಲೆಯ ಜೊತೆಗೆ, ನೊರೆಯ ಮೂಲಕ ಕಲ್ಮಶವನ್ನು ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಯಂತ್ರವನ್ನೂ ಬಳಸಿದರು. ಅದು ಬರ್ಲಿನ್ ಪದ್ಧತಿಯೆಂದು ಹೆಸರಾಯಿತು.

ನಮ್ಮ ಬಳಿ ಕಲಿತ ಯುವಕನೊಬ್ಬ ಭಟ್ಕಳದ ತನ್ನ ಮನೆಯಲ್ಲಿ 200 ಲೀಟರಿನ ತೊಟ್ಟಿಯನ್ನು ಇರಿಸಿದಾಗ ನಾವು ಇದನ್ನೆಲ್ಲ ಆಸಕ್ತಿಯಿಂದ ಓದಿಕೊಂಡೆವು. ಒಂದು ದಿನ ಅವನು ಕೇಳಿದ: "ಉಸ್ತಾದರೇ, ನೇತ್ರಾಣಿಯ ಕಡೆಯಿಂದ ಹವಳದ ಕಲ್ಲು ತಂದುಕೊಡುತ್ತೇವೆ ಎನ್ನುವವರಿದ್ದಾರೆ. ಸತ್ತ ಕಲ್ಲು ತಾನೇ? ತರಿಸಬಹುದಲ್ಲವೇ?"

ಅವನ ಪ್ರಶ್ನೆ ಪ್ರಾಮಾಣಿಕವಾಗಿತ್ತು. ಕಾನೂನಿನ ಉತ್ತರ ಸ್ಪಷ್ಟ. ದಿಬ್ಬ ಕಟ್ಟುವ ಹವಳಗಳು 2001ರಲ್ಲಿಯೇ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ ಇದೆ. ಆದರೆ ನಾವು ಅವನಿಗೆ ಹೇಳಿದ್ದು ಕಾನೂನಿನ ಮಾತೊಂದನ್ನೇ ಅಲ್ಲ. "ನೀನು ಸತ್ತದ್ದು ಎನ್ನುವ ಕಲ್ಲಿನ ಮೇಲೆಯೇ ನಾಳಿನ ಹವಳದ ಮರಿ ನೆಲೆಯೂರಬೇಕು. ನಿನ್ನ ಹತ್ತು ಮೀನುಗಳ ಮನೆಗಾಗಿ ಸಾವಿರ ಜೀವಿಗಳ ಮನೆಯನ್ನು ಕೀಳುವುದು ಯಾವ ನ್ಯಾಯ?" ಎಂದು ಕೇಳಿದೆವು. ಅಮೆರಿಕದ ಫ್ಲೋರಿಡಾದಲ್ಲಿ ಕಡಲಿನ ಕಲ್ಲು ಕೀಳುವುದನ್ನು ನಿಷೇಧಿಸಿದ ಮೇಲೆ, ಗಣಿಯ ಸುಣ್ಣದ ಕಲ್ಲನ್ನು ಸಮುದ್ರದ ತಳಕ್ಕಿಳಿಸಿ, ಜೀವ ತುಂಬುವವರೆಗೆ ವರ್ಷಗಟ್ಟಲೆ ಕಾದು ತೆಗೆಯುವ ಕೃಷಿ ಬೆಳೆದುದನ್ನೂ ತಿಳಿಸಿದೆವು.

ಅವನು ಸುಟ್ಟ ಮಣ್ಣಿನ ರಂಧ್ರಮಯ ಕೃತಕ ಶಿಲೆಗಳನ್ನು ತರಿಸಿದ. ಗೆಳೆಯನ ಹಳೆಯ ತೊಟ್ಟಿಯಿಂದ ಹಿಡಿಯಷ್ಟು ಮರಳನ್ನು ತಂದು ಬೆರೆಸಿದ. ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಆಹಾರ ಹಾಕಿ, ವಾರಕ್ಕೆರಡು ಸಲ ನೀರನ್ನು ಪರೀಕ್ಷಿಸಿದ. ಮೊದಲು ಅಮೋನಿಯಾ ಏರಿತು; ಅದು ಇಳಿಯುವಾಗ ನೈಟ್ರೈಟ್ ಏರಿತು. ಎರಡೂ ಸೊನ್ನೆಗೆ ಬರಲು ಆರು ವಾರ ಹಿಡಿಯಿತು. ಬಂದವರೆಲ್ಲ "ಖಾಲಿ ನೀರಿಗೇಕೆ ಇಷ್ಟು ಆರೈಕೆ?" ಎಂದು ನಕ್ಕರು. ಅವನು ಕಾದ. ಆನಂತರವಷ್ಟೇ ಮೊದಲ ಎರಡು ಮೀನುಗಳು ಬಂದವು.

ಮಕ್ಕಳಿಗೆ ಮೀನಿನ ತೊಟ್ಟಿಯನ್ನು ಕೊಡಿಸಬೇಕೆಂದಿರುವ ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಬಣ್ಣದ ಮೀನನ್ನು ತೋರಿಸುವ ಮೊದಲು ಆ ಖಾಲಿ ವಾರಗಳನ್ನು ಅವರಿಗೆ ತೋರಿಸಿರಿ. ಪರೀಕ್ಷೆಯ ನಳಿಕೆಯನ್ನು ಅವರ ಕೈಗೇ ಕೊಡಿರಿ. ಕಾಣದ ಜೀವಿಗಳು ದುಡಿದು ಸಿದ್ಧಪಡಿಸಿದ ನೀರಿನಲ್ಲಿಯೇ ಕಾಣುವ ಮೀನು ಬದುಕುತ್ತದೆ ಎಂಬುದನ್ನು ಅವರು ತಮ್ಮ ಕಣ್ಣಾರೆ ಕಂಡು ಕಲಿಯಲಿ.