ನಾಕು ಸಾಕೋ, ಆರು ಬೇಕೋ?

1/4

ಫೋಟೊದಾಗ ಇರೋದು ಅಮರಗೋಳ ಎಪಿಎಂಸಿ ಕಡೆ ನಿಂತ ಲಾರಿಗಳ ಸಾಲು. ನವನಗರದವರಿಗೆ ಇದು ದಿನಾ ಕಾಣೋದ. ಚಿಗರಿ ಬಸ್ಸಿನ ಕಿಟಕಿಯಿಂದ ನೋಡ್ತೀವಿ, ಮರೀತೀವಿ. ಆದ್ರ ಎರಡು ತಿಂಗಳಿಂದ ನನಗ ಲಾರಿ ಕಂಡ್ರ ಸಾಕು, ಇದರಾಗ ಯಾವ ಇಂಜಿನ್ ಐತಿ ಅನ್ನೋ ಪ್ರಶ್ನೆ ಏಳ್ತೈತಿ 😅

ಕಾರಣ ನಮ್ಮ ಕಾಕಾ. ಹದಿನೆಂಟು ವರ್ಷ ಬ್ಯಾರೆಯವರ ಗಾಡಿ ಓಡಿಸಿದ್ರು. ಈಗ ಸ್ವಂತ ಲಾರಿ ತಗೊಳ್ಳಾಕ ಹೊಂಟಾರ. ಡೌನ್ ಪೇಮೆಂಟಿಗೆ ಕಾಕಿಯ ಬಂಗಾರ ಬ್ಯಾಂಕಿನಾಗ ಅಡವು, ಉಳಿದದ್ದಕ್ಕ ಐದು ವರ್ಷದ ಸಾಲ. ಅಂದ್ರ ಇಂಜಿನ್ ತಪ್ಪಿದ್ರ ತಪ್ಪೋದು ಬರೇ ಗಾಡಿ ಅಲ್ಲ.

"ನೀ ಬಿಕಾಂ ಓದಾಕತ್ತಿ, ಲೆಕ್ಕಾ ಹಾಕಿ ಹೇಳವಾ" ಅಂದ್ರು ಕಾಕಾ. ಅವರ ಮನಸ್ಸು ಆರು ಸಿಲಿಂಡರಿನ ದೊಡ್ಡ ಗಾಡಿ ಮ್ಯಾಲ. ಡೀಲರ್ ತೋರಿಸಿದ್ದು ಎರಡು: 12 ಟನ್ ಒಳಗಿನ ನಾಕು ಸಿಲಿಂಡರಿಂದು, 18.5 ಟನ್ನಿನ ಆರು ಸಿಲಿಂಡರಿಂದು. ಈ ಟನ್ ಅಂದ್ರ ಗಾಡಿ, ಮಾಲು ಎಲ್ಲಾ ಸೇರಿದ ತೂಕ.

ಕಾನೂನಿನಾಗ 7.5 ಟನ್ನಿಂದ 12 ಟನ್ ತನಕ ಮಧ್ಯಮ ಸರಕು ವಾಹನ, ಅದರ ಮ್ಯಾಲ ಭಾರಿ. ಎರಡು ಆಕ್ಸಲ್ ಲಾರಿಯ ಮಿತಿ ಮದ್ಲು 16.2 ಟನ್ ಇತ್ತು. 2018ರಾಗ ಅದನ್ನ 18.5 ಮಾಡಿದ್ರು. ಅವತ್ತಿಂದ "ಸ್ವಲ್ಪ ರೊಕ್ಕ ಹೆಚ್ಚಾದ್ರೂ ದೊಡ್ಡದ ತಗೋ" ಅನ್ನೋ ಮಾತಿಗೆ ಬಲ ಬಂತು. ಆ ಮಾತು ಖರೇನೋ ಸುಳ್ಳೋ? ಮುಂದ ನೋಡೋಣ ➡️

2/4

ಹಳೇ ಡ್ರೈವರ್‌ಗಳು ಟಾಟಾ ಇಂಜಿನ್ನಿಗೆ ಹೆಸರಿಡೋದು ನಂಬರಿನಾಗ: 497, 697. ಮೊದಲ ಅಂಕಿ ಸಿಲಿಂಡರ್ ಎಷ್ಟು ಅಂತ, ಉಳಿದ 97 ಸಿಲಿಂಡರಿನ ಬಾಯಗಲ, ಮಿಲಿಮೀಟರಿನಾಗ. ನಾಕರದ್ದು 3,783 ಸಿಸಿ, ಆರರದ್ದು 5,675 ಸಿಸಿ. 1954ರಾಗ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೋಡಿ ಲಾರಿ ಕಟ್ಟಾಕ ಕೈ ಹಾಕಿದ್ರು. ಈ ಅಳತಿ ಆ ಮನಿತನದ್ದು.

ಆಗ ಟರ್ಬೊ ಇರಲಿಲ್ಲ. ಶಕ್ತಿ ಬೇಕಂದ್ರ ಸಿಸಿ ಹೆಚ್ಚಿಸಬೇಕು, ಸಿಲಿಂಡರ್ ಹೆಚ್ಚಿಸಬೇಕು. "ಆರು ಅಂದ್ರ ಗಟ್ಟಿ" ಅನ್ನೋ ನಂಬಿಕಿ ಹುಟ್ಟಿದ್ದು ಹಿಂಗ. ಈಗಿನ ನಾಕು ಸಿಲಿಂಡರ್, ಟರ್ಬೊ ಮತ್ತ ಕಾಮನ್ ರೇಲ್ ಸೇರಿ, ಆ ಹಳೇ ಆರಕ್ಕಿಂತ ಹೆಚ್ಚು ಎಚ್‌ಪಿ ಕೊಡ್ತೈತಿ.

ಕಾಕಾನ ಚಿಂತಿ ಘಾಟಿನದು. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅಂಕೋಲಾಕ್ಕ ಹೋಗೋರಿಗೆ ಅರಬೈಲ್ ಘಾಟ್ ಗೊತ್ತ ಇರ್ತೈತಿ. ಅದಕ್ಕ ಪಿಯುಸಿ ಫಿಜಿಕ್ಸ್ ಓದಿದ ಗೆಳತಿ ಜೋಡಿ ಕುಂತು ಲೆಕ್ಕಾ ಮಾಡಿದೆ. 12 ಟನ್ ಗಾಡಿ, 100 ಮೀಟರಿಗೆ 5 ಮೀಟರ್ ಏರು, ಗಂಟೆಗೆ 30 ಕಿ.ಮೀ. ವೇಗ ಅಂತ ಹಿಡೀರಿ. ತೂಕ ಮ್ಯಾಲ ಎತ್ತಾಕ ಬೇಕಾಗೋದು ಸುಮಾರು 66 ಎಚ್‌ಪಿ. ಟಯರ್ ಉಜ್ಜೂದನ್ನ ಸೇರಿಸಿದ್ರೂ 80ರ ಒಳಗ. ಹೆಚ್ಚು ಎಚ್‌ಪಿ ಇದ್ರ ಲಗೂ ಏರ್ತೈತಿ, ಅಷ್ಟ.

ಘಾಟಿನಾಗ ಖರೇ ಬೇಕಾಗೋದು ಕಡಿಮೆ ಆರ್‌ಪಿಎಂನಾಗ ಸಿಗೋ ಟಾರ್ಕ್. ಬ್ರೋಶರಿನಾಗ "400 ನ್ಯೂಟನ್ ಮೀಟರ್" ಅಂತ ಇದ್ರ, ಅದು ಯಾವ ಆರ್‌ಪಿಎಂದಿಂದ ಯಾವ ಆರ್‌ಪಿಎಂ ತನಕ ಅಂತ ಕೇಳ್ರಿ. ಅದೇ 400 ಟಾರ್ಕ್ 1,500 ಆರ್‌ಪಿಎಂನಾಗ 84 ಎಚ್‌ಪಿ, 2,500ರಾಗ 140. ಕೆಳಗ ಟಾರ್ಕ್ ಸಿಗದ ಇಂಜಿನ್ನಿಗೆ ಪದೇಪದೇ ಗೇರ್ ಇಳಿಸಬೇಕು, ಕೂಗಿಸಬೇಕು, ಡೀಸೆಲ್ ಕುಡಿಸಬೇಕು.

ಆದ್ರ ಆರು ಸಿಲಿಂಡರಿಗೆ ಒಂದು ಖರೇ ಲಾಭ ಐತಿ. ಘಾಟ್ ಇಳಿಯೂವಾಗ ಗಾಡಿ ತಡಿಯೋದೂ ಇಂಜಿನ್ನ. ಎಕ್ಸಾಸ್ಟ್ ಬ್ರೇಕ್ ಹಾಕಿದಾಗ ದೊಡ್ಡ ಇಂಜಿನ್ ಹೆಚ್ಚು ಹಿಡೀತೈತಿ. "ಏರೋದು ಯಾರಾದ್ರೂ ಏರ್ತಾರ, ಇಳಿಯೋದು ನೋಡು" ಅಂದ್ರು ಕಾಕಾ. ಇದು ಯಾವ ಬ್ರೋಶರಿನಾಗೂ ದೊಡ್ಡ ಅಕ್ಷರದಾಗ ಬರೆದಿರೂದಿಲ್ಲ.

3/4

ಈಗ ಬಿಕಾಂ ಮಂದಿಗೆ 🙋‍♀️ ಕಾಸ್ಟ್ ಅಕೌಂಟಿಂಗ್‌ನಾಗ ಆಪರೇಟಿಂಗ್ ಕಾಸ್ಟಿಂಗ್ ಅನ್ನೋ ಚಾಪ್ಟರ್ ನೆನಪೈತೇನು? ಟನ್-ಕಿಲೋಮೀಟರ್! ಪರೀಕ್ಷಾಕ್ಕ ಅಂತ ಬಾಯಿಪಾಠ ಮಾಡಿದ್ದು ಮನ್ಯಾಗ ಕೆಲಸಕ್ಕ ಬಂತು.

ಲೆಕ್ಕಕ್ಕ ಅಂತ ಹಿಡಿಯೋಣ. ಸಣ್ಣ ಗಾಡಿ 7 ಟನ್ ಮಾಲು ಹೊತ್ತು ಲೀಟರಿಗೆ 6 ಕಿ.ಮೀ. ಓಡ್ತೈತಿ: ಲೀಟರಿಗೆ 42 ಟನ್-ಕಿ.ಮೀ. ದೊಡ್ಡದು 11 ಟನ್ ಹೊತ್ತು 4.5 ಓಡ್ತೈತಿ: 49.5. ದೊಡ್ಡದ ಗೆದ್ದಿತು! ಆದ್ರ ಅದೇ ದೊಡ್ಡ ಗಾಡಿಗೆ 7 ಟನ್ ಅಷ್ಟ ಸಿಕ್ಕರ? 5.5 ಓಡಿದ್ರೂ 38.5. ಈಗ ಸೋತಿತು. ಇಂಜಿನ್ ಅದ, ರಸ್ತಾ ಅದ, ಬದಲಾಗಿದ್ದು ಲೋಡ್ ಮಾತ್ರ.

ಹಂಗಾಗಿ ಕಾಕಾನ ಹಳೇ ಟ್ರಿಪ್ ಡೈರಿ ತೆಗೆಸಿದೆ. ನಾಕರಾಗ ಮೂರು ಟ್ರಿಪ್ 7 ಟನ್ನಿನ ಒಳಗ. ಹೆಚ್ಚಿನವು ಬ್ಯಾಡಗಿ ಮೆಣಸಿನಕಾಯಿ. ಮೆಣಸಿನಕಾಯಿ ಚೀಲ ಜಾಗಾ ತುಂಬ್ತಾವು, ತೂಕ ತುಂಬೂದಿಲ್ಲ. ಅದಕ್ಕ ಬೇಕಾಗಿದ್ದು ಉದ್ದನ ಬಾಡಿ, ದೊಡ್ಡ ಇಂಜಿನ್ ಅಲ್ಲ. ಜಲ್ಲಿ, ಸಿಮೆಂಟ್, ಕಬ್ಬಿಣ ಹೊರೋರಿಗೆ ಉತ್ತರ ಪೂರಾ ಬ್ಯಾರೆ.

ಮೈಲೇಜಿನಾಗ ಅರ್ಧ ಕಿ.ಮೀ. ಅಂದ್ರ ಎಷ್ಟು? ತಿಂಗಳಿಗೆ 6,000 ಕಿ.ಮೀ., ಡೀಸೆಲ್ 90 ರೂಪಾಯಿ ಅಂತ ಹಿಡೀರಿ. ಲೀಟರಿಗೆ 6ರ ಬದಲು 5.5 ಓಡಿದ್ರ ತಿಂಗಳಿಗೆ 91 ಲೀಟರ್ ಹೆಚ್ಚು. ವರ್ಷಕ್ಕ ಸುಮಾರು 98 ಸಾವಿರ. ಕಾಕಿಯ ಬಂಗಾರ ಬಿಡಿಸೋ ರೊಕ್ಕ ಅದು.

ಇನ್ನೊಂದು, ಟ್ಯಾಕ್ಸ್ ಕ್ಲಾಸಿನಾಗ ಓದಿದ 44ಎಇ. 10ಕ್ಕಿಂತ ಹೆಚ್ಚು ಲಾರಿ ಇಲ್ಲದವರು ಪುಸ್ತಕ ಇಡದ ಅಂದಾಜು ಆದಾಯ ತೋರಿಸೋ ಪದ್ಧತಿ. 12 ಟನ್ ತನಕ ಗಾಡಿಗೆ ತಿಂಗಳಿಗೆ 7,500, ವರ್ಷಕ್ಕ 90,000. 12 ಟನ್ ದಾಟಿದ್ರ ಟನ್ನಿಗೆ ತಿಂಗಳಿಗೆ 1,000. ಅಂದ್ರ 18.5 ಟನ್ನಿಗೆ ವರ್ಷಕ್ಕ 2,22,000 ಆದಾಯ ಅಂತ ಹಿಡೀತಾರ, ಲೋಡ್ ಸಿಗಲಿ ಬಿಡಲಿ.

4/4

ಕಡೀ ಪ್ರಶ್ನೆ: ಹೊಸಾದೋ, ಸೆಕೆಂಡ್ ಹ್ಯಾಂಡೋ?

2020ರ ಏಪ್ರಿಲ್ 1ರಿಂದ ಹೊಸ ಗಾಡಿ ಎಲ್ಲಾ ಬಿಎಸ್6. ಡೀಸೆಲ್‌ನಾಗಿನ ಗಂಧಕದ ಮಿತಿ 50 ಪಿಪಿಎಂ ಇದ್ದದ್ದು 10ಕ್ಕ ಇಳೀತು. ಹೊಗಿ ಕೊಳವಿಯಾಗ ಮಸಿ ಹಿಡಿಯೋ ಫಿಲ್ಟರ್ ಬಂತು, ಅದೇ ಡಿಪಿಎಫ್. ಜೋಡಿ ಯೂರಿಯಾ ನೀರು, ಡಿಇಎಫ್, 32.5% ಯೂರಿಯಾ. ಇದು ಹೊಲಕ್ಕ ಹಾಕೋ ಯೂರಿಯಾ ಕಲಿಸಿ ಮಾಡೋದಲ್ಲ, ಹಂಗ ಮಾಡಿದ್ರ ಸಿಸ್ಟಮ್ ಹಾಳು.

ಡಿಪಿಎಫ್ ತನ್ನ ಮಸಿ ತಾನ ಸುಡಬೇಕಂದ್ರ ಇಂಜಿನ್ ಬಿಸಿ ಆಗಿ ಓಡಬೇಕು. ಹೈವೇದಾಗ ಓಡೋ ಗಾಡಿಗೆ ತ್ರಾಸಿಲ್ಲ. ಯಾರ್ಡಿನಾಗ ಇಂಜಿನ್ ಚಾಲೂ ಇಟ್ಟು ನಿಂತು, ಊರೊಳಗ ನಾಕು ಕಿ.ಮೀ. ಓಡಿ ಮತ್ತ ನಿಲ್ಲೋ ಗಾಡಿಗೆ ಫಿಲ್ಟರ್ ಕಟ್ಟಿಕೊಳ್ತೈತಿ. ದೊಡ್ಡ ಇಂಜಿನ್ನಿಗೆ ಸಣ್ಣ ಲೋಡ್ ಆದ್ರ ಅದು ಬಿಸಿ ಆಗೋದೂ ತಡಾ.

"ದೊಡ್ಡ ಟ್ರಾನ್ಸ್‌ಪೋರ್ಟಿನವರು ಆರು ಸಿಲಿಂಡರ್ ಇಟ್ಟಾರಲ್ಲ?" ಅಂತ ಕಾಕಾ ಕೇಳಿದ್ರು. ವಿಜಯ ಸಂಕೇಶ್ವರ ಅವರೂ 1976ರಾಗ ಗದಗದಾಗ ಶುರು ಮಾಡಿದ್ದು ಒಂದ ಲಾರಿಯಿಂದ. ಆದ್ರ ಇವತ್ತು ಸಾವಿರಾರು ಗಾಡಿ ಇರೋ ವಿಆರ್‌ಎಲ್‌ನಾಗ ಒಂದು ನಿಂತ್ರ ಇನ್ನೊಂದು ಹೋಗ್ತೈತಿ. ಒಂದ ಗಾಡಿ ಇರೋರಿಗೆ ಹಂಗಲ್ಲ. ಅದು ನಿಂತ್ರ ಮನಿಯೇ ನಿಂತಂಗ, ಇಎಂಐ ಮಾತ್ರ ನಿಲ್ಲೂದಿಲ್ಲ. ಅದಕ್ಕ ಹುಬ್ಬಳ್ಳಿಯಾಗ ಸ್ಪೇರ್ ಸಿಗ್ತೈತೋ, ಸೆನ್ಸರ್ ಫಾಲ್ಟ್ ಓದೋ ಸ್ಕ್ಯಾನರ್ ಇರೋ ಮೆಕ್ಯಾನಿಕ್ ಹತ್ತಿರ ಅದಾನೋ, ಇದನ್ನೂ ನಾ ಇಂಜಿನ್ ಲೆಕ್ಕದಾಗ ಸೇರಿಸಿದೆ.

ಕಾಕಾ ಕಡೀಕ ಬುಕ್ ಮಾಡಿದ್ದು ಹೊಸಾ ನಾಕು ಸಿಲಿಂಡರ್, 12 ಟನ್ ಒಳಗಿಂದು, ಉದ್ದನ ಬಾಡಿ, ಎಕ್ಸಾಸ್ಟ್ ಬ್ರೇಕ್ ಐತಿ ಅಂತ ಖಾತ್ರಿ ಮಾಡಿಕೊಂಡು. ಖುಷಿಯಿಂದ ಅಂತೂ ಅಲ್ಲ. ಅವರಿಗೆ ಆರು ಸಿಲಿಂಡರಿನ ಆ ಸಪ್ಪಳ ಬೇಕಾಗಿತ್ತು, ಹದಿನೆಂಟು ವರ್ಷ ಕೇಳಿದ್ದು. ಲೆಕ್ಕದಾಗ ಸಪ್ಪಳಕ್ಕ ಕಾಲಂ ಇಲ್ಲ, ಏನ್ ಮಾಡೂದು.

ನಿಮ್ಮ ಮನ್ಯಾಗೂ ಯಾರಾದ್ರೂ ಗಾಡಿ ತಗೊಳ್ಳಾಕತ್ತಿದ್ರ ಇಷ್ಟು ಕೇಳ್ರಿ:
🔸 ವರ್ಷದಾಗ ಹೆಚ್ಚು ಸಲ ಸಿಗೋ ಲೋಡ್ ಎಷ್ಟು ಟನ್? (ಎಲ್ಲಕ್ಕಿಂತ ದೊಡ್ಡ ಲೋಡ್ ಅಲ್ಲ)
🔸 ಹೋಗೂವಾಗ ಲೋಡ್ ಐತೋ, ಬರೂವಾಗೂ ಐತೋ?
🔸 ಟಾರ್ಕ್ ಯಾವ ಆರ್‌ಪಿಎಂನಾಗ ಶುರು?
🔸 ಹೈವೇನೋ, ಊರೊಳಗೋ?
🔸 ಕೆಟ್ರ ಎಷ್ಟು ದಿನ ನಿಲ್ತೈತಿ?

ಇಂಜಿನ್ ಆರಿಸೂದು ಅಂದ್ರ ಖರೇ ಸಿಗೋ ಲೋಡಿಗೆ ಆರಿಸೂದು. ಯಾವತ್ತೋ ಸಿಗಬಹುದು ಅನ್ನೋ ಲೋಡಿನ ಆಸೆಗೆ ಐದು ವರ್ಷ ಡೀಸೆಲ್ ಹಾಕೋದು ನಮ್ಮಂಥವರಿಗೆ ನಿಗೂದಿಲ್ಲ.

ನಿಮ್ಮ ಅಪ್ಪ, ಮಾಮಾ, ಅಣ್ಣ ಲಾರಿ ಓಡಿಸ್ತಾರೇನು? ಅವರ ಗಾಡಿ ಘಾಟಿನಾಗ ಎಷ್ಟು ಮೈಲೇಜ್ ಕೊಡ್ತೈತಿ, ಕೇಳಿ ಕಾಮೆಂಟ್ ಮಾಡ್ರಿ 👇

#ನವನಗರ #ಹುಬ್ಬಳ್ಳಿಧಾರವಾಡ #ಲಾರಿಲೆಕ್ಕ #ಬಿಕಾಂಜೀವನ